ರಂಗಮಂದಿರ ನಾಡಿನದಾಗುವುದು ಯಾವಾಗ? ಪ್ರಾಗ್‌ನಿಂದ ಹೆಗ್ಗೋಡಿನವರೆಗೆ

ಯಾವುದೇ ಊರಿನ ರಂಗಮಂದಿರಕ್ಕೆ ಹೋಗಿ ಬಾಡಿಗೆ ಪುಸ್ತಕ ತೆರೆದು ನೋಡಿ. ಸನ್ಮಾನ, ಶಾಲಾ ವಾರ್ಷಿಕೋತ್ಸವ, ಇಲಾಖೆಯ ಕಾರ್ಯಾಗಾರ, ಭರತನಾಟ್ಯದ ಪ್ರದರ್ಶನ, ಮತ್ತೆ ಸನ್ಮಾನ. ನಾಟಕ ಅಲ್ಲೊಂದು ಇಲ್ಲೊಂದು. ಕಟ್ಟಡದ ನೆತ್ತಿಯ ಮೇಲೆ ‘ರಂಗಮಂದಿರ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ರಂಗದವರು ಅಲ್ಲಿಗೆ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಹೀಗಿರುವಾಗ ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ, ಅಡಿಕೆ ತೋಟಗಳ ನಡುವೆ, 1972ರಿಂದ ಇಂದಿನವರೆಗೂ ಒಂದು ರಂಗಮಂದಿರ ನಾಟಕದಿಂದಲೇ ಬದುಕಿದೆ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಎರಡು ವಿಷಯ ನೋಡಬೇಕು: ಇಂಥ ಕಟ್ಟಡಗಳು ಯಾರ ಬಯಕೆಯಿಂದ ಎದ್ದವು, ಮತ್ತು ಒಳಗೆ ಅವು ಕೆಲಸ ಮಾಡುವುದು ಹೇಗೆ.

‘ರಾಷ್ಟ್ರೀಯ ರಂಗಮಂದಿರ’ ಎಂಬ ಕಲ್ಪನೆ ಯುರೋಪಿನದು. ಅದರ ಅತ್ಯಂತ ಸ್ಪಷ್ಟ ಉದಾಹರಣೆ ಪ್ರಾಗ್ ನಗರದಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಝೆಕ್ ಜನ ಆಸ್ಟ್ರಿಯಾ ಸಾಮ್ರಾಜ್ಯದ ಅಧೀನದಲ್ಲಿದ್ದರು. ಆಡಳಿತದ ಭಾಷೆ ಜರ್ಮನ್, ದೊಡ್ಡ ರಂಗಭೂಮಿಯ ಭಾಷೆಯೂ ಜರ್ಮನ್. ತಮ್ಮ ಮಾತಿನಲ್ಲಿ ನಾಟಕವಾಡಲು ತಮ್ಮದೇ ಮನೆ ಬೇಕೆಂದು ಝೆಕ್ ಜನ ದಶಕಗಳ ಕಾಲ ಚಂದಾ ಎತ್ತಿದರು. 1862ರಲ್ಲಿ ತಾತ್ಕಾಲಿಕವೆಂದೇ ಹೆಸರಿಟ್ಟ ಪುಟ್ಟ ರಂಗಮಂದಿರವೊಂದನ್ನು ಕಟ್ಟಿಕೊಂಡು ಆಟ ಶುರು ಮಾಡಿದರು. 1868ರ ಮೇ 16ರಂದು ದೊಡ್ಡ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ನಾಡಿನ ಬೇರೆ ಬೇರೆ ಬೆಟ್ಟಗಳಿಂದ, ಹೆಸರಾದ ಸ್ಥಳಗಳಿಂದ ಕಲ್ಲುಗಳನ್ನು ಹೊತ್ತು ತಂದರು. 1881ರ ಜೂನ್‌ನಲ್ಲಿ ಝೆಕ್ ಸಂಗೀತಕಾರ ಸ್ಮೆತಾನನ ‘ಲಿಬುಶೆ’ ಸಂಗೀತ ನಾಟಕದೊಂದಿಗೆ ಬಾಗಿಲು ತೆರೆಯಿತು. ಎರಡೇ ತಿಂಗಳು. ಆಗಸ್ಟ್ 12ರಂದು ಚಾವಣಿಯಲ್ಲಿ ಹೊತ್ತಿದ ಬೆಂಕಿ ಗುಮ್ಮಟ, ಪ್ರೇಕ್ಷಾಗೃಹ, ರಂಗ ಎಲ್ಲವನ್ನೂ ನುಂಗಿತು. ಆಗ ಜನ ಮತ್ತೆ ಕೈಚೀಲ ಬಿಚ್ಚಿದರು. 47 ದಿನಗಳಲ್ಲಿ ಹತ್ತು ಲಕ್ಷ ಗಿಲ್ಡರ್ ಕೂಡಿತು. 1883ರ ನವೆಂಬರ್ 18ರಂದು ವಿದ್ಯುತ್ ದೀಪಗಳ ಬೆಳಕಿನಲ್ಲಿ ಅದೇ ‘ಲಿಬುಶೆ’ಯಿಂದ ಎರಡನೇ ಬಾರಿ ಪ್ರಾರಂಭವಾಯಿತು. ರಂಗದ ಚೌಕಟ್ಟಿನ ಮೇಲೆ ಇಂದಿಗೂ ಎರಡು ಪದಗಳಿವೆ. ‘ನಾಡು ತನಗೆ ತಾನೇ’ ಎಂದು ಅದರ ಅರ್ಥ.

ಲಂಡನ್ನಿನ ದಾರಿ ಬೇರೆ. ಅಲ್ಲಿ ರಾಷ್ಟ್ರೀಯ ರಂಗಮಂದಿರ ಬೇಕೆಂಬ ಮಾತು ಮೊದಲು ಅಚ್ಚಾದದ್ದು 1848ರಲ್ಲಿ. ಅಡಿಗಲ್ಲು ಬಿದ್ದದ್ದು 1951ರಲ್ಲಿ. ಥೇಮ್ಸ್ ದಂಡೆಯ ಕಾಂಕ್ರೀಟಿನ ಕಟ್ಟಡ ತೆರೆದದ್ದು 1976ರಲ್ಲಿ. ಆದರೆ ನಾಟಕದ ತಂಡ ಕಟ್ಟಡಕ್ಕಾಗಿ ಕಾದು ಕೂರಲಿಲ್ಲ. ನಟ ಲಾರೆನ್ಸ್ ಒಲಿವಿಯೆ ಮುಂದಾಳತ್ವದಲ್ಲಿ 1963ರಿಂದಲೇ ಇನ್ನೊಂದು ಹಳೆಯ ನಾಟಕಶಾಲೆಯಲ್ಲಿ ಆಡುತ್ತ, ಹದಿಮೂರು ವರ್ಷ ಪ್ರೇಕ್ಷಕರನ್ನು ಬೆಳೆಸಿಕೊಂಡು ಬಂತು. ಪ್ರಾಗ್‌ನಲ್ಲೂ ಆದದ್ದು ಇದೇ. ತಂಡ ಮತ್ತು ನೋಡುಗರು ಮೊದಲು, ಗೋಡೆ ಆಮೇಲೆ.

ಭಾರತದಲ್ಲಿ ಈ ಕ್ರಮ ಅನೇಕ ಕಡೆ ತಿರುಗುಮುರುಗಾಯಿತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಬಂದವು. 1961 ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷ. ಅದರ ನೆನಪಿಗೆ ರಾಜ್ಯ ರಾಜ್ಯದಲ್ಲೂ ಠಾಕೂರರ ಹೆಸರಿನ ಸಭಾಂಗಣಗಳು ಎದ್ದವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆದದ್ದು ಇದೇ ಅಲೆಯಲ್ಲಿ. ಅದರ ಪುಣ್ಯಕ್ಕೆ ಎಪ್ಪತ್ತರ ದಶಕದಲ್ಲಿ ಹವ್ಯಾಸಿ ತಂಡಗಳ ದೊಡ್ಡ ಪಡೆಯೇ ಹುಟ್ಟಿ ಅದನ್ನು ತುಂಬಿತು. ಆದರೆ ಅಂಥ ತಂಡಗಳಿಲ್ಲದ ಊರುಗಳಲ್ಲಿ ಎದ್ದ ಸಭಾಂಗಣಗಳು ಬಾಡಿಗೆಯ ಹಾಲ್‌ಗಳಾಗಿ ಉಳಿದವು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದಾಗ ಹಿಡಿದದ್ದು ಸರಿಯಾದ ತುದಿಯನ್ನು. ಮೊದಲು ಸಂಬಳದ ಕಲಾವಿದರು, ತಾಲೀಮು, ನಾಟಕಗಳ ಸರಣಿ. ಶಿವಮೊಗ್ಗಕ್ಕೂ ಆಮೇಲೆ ರಂಗಾಯಣ ಬಂತು.

ಹೆಗ್ಗೋಡಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ ಇಪ್ಪತ್ತಮೂರು ವರ್ಷ. ಅಷ್ಟು ಕಾಲ ಊರವರೇ ಆಡಿ ಊರವರೇ ನೋಡಿದ ನಾಟಕಗಳ ಮೇಲೆ ಈ ಕಟ್ಟಡ ನಿಂತಿದೆ. ಕಟ್ಟಡ ಬಂದ ಮರುವರ್ಷವೇ ಚಿತ್ರಸಮಾಜ ಶುರುವಾಗಿ ಹಳ್ಳಿಯ ಜನ ಜಗತ್ತಿನ ಸಿನಿಮಾಗಳನ್ನು ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ. ಸ್ಥಾಪಕರಾದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದೊಂದು ಹೊಸ ಕೆಲಸವೂ ಕಟ್ಟಡಕ್ಕೆ ವರ್ಷದಲ್ಲಿ ಇನ್ನಷ್ಟು ದಿನಗಳ ಬಳಕೆ ತಂದುಕೊಟ್ಟಿತು. ಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳಿಗೆ ಬೆಳಿಗ್ಗೆ ತಾಲೀಮಿಗೆ ಜಾಗ ಬೇಕು. ತಿರುಗಾಟಕ್ಕೆ ಮಳೆಗಾಲದಲ್ಲಿ ನಾಟಕ ಕಟ್ಟಬೇಕು. ಸಂಸ್ಕೃತಿ ಶಿಬಿರಕ್ಕೆ ಬಂದವರಿಗೆ ಸಂಜೆ ನಾಟಕ ತೋರಿಸಬೇಕು. ಬಾಡಿಗೆ ಕೊಡುವವರಿಗಾಗಿ ಕಾಯುವ ಸಭಾಂಗಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ.

ಈಗ ಒಳಗೆ ಬರೋಣ. ರಂಗಮಂದಿರ ಎಂದರೆ ಮೂಲತಃ ಎರಡು ಕೆಲಸದ ಸಾಧನ. ಮೈಕ್ ಇಲ್ಲದ ನಟನ ಮಾತು ಕೊನೇ ಸಾಲಿಗೆ ಕೇಳಬೇಕು, ಅವನ ಮುಖ ಕೊನೇ ಸಾಲಿಗೆ ಕಾಣಬೇಕು. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಇದನ್ನು ನೇರವಾಗಿ ಹೇಳುತ್ತದೆ. ಮನುಷ್ಯರ ನಾಟಕಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪ ಸಾಕು, ಇನ್ನೂ ದೊಡ್ಡದಾದರೆ ಮಾತು ಸ್ವರಗೆಡುತ್ತದೆ, ಮುಖದ ಭಾವ ಕಾಣದಾಗುತ್ತದೆ ಎನ್ನುತ್ತದೆ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ 96 ಅಡಿ ಉದ್ದ, 48 ಅಡಿ ಅಗಲ. ಅದರಲ್ಲಿ ಅರ್ಧ ನೇಪಥ್ಯ ಮತ್ತು ರಂಗಕ್ಕೆ, ಅರ್ಧ ನೋಡುಗರಿಗೆ. ಅಂದರೆ ಕೊನೇ ಸಾಲಿನವನು ರಂಗದ ಅಂಚಿನಿಂದ 48 ಅಡಿಗಿಂತ ದೂರವಿರುವುದಿಲ್ಲ. ಇಂದಿನ ವಿನ್ಯಾಸಕಾರರೂ ಮುಖಭಾವ ಕಾಣಬೇಕಾದರೆ 20ರಿಂದ 24 ಮೀಟರ್ ಕೊನೆಯ ಮಿತಿ ಎನ್ನುತ್ತಾರೆ. ಭರತನ ಲೆಕ್ಕ ಅದಕ್ಕಿಂತ ಬಿಗಿ. ಮಂಟಪ ಬೆಟ್ಟದ ಗುಹೆಯಂತಿರಲಿ, ಕಿಟಕಿ ಸಣ್ಣವಿರಲಿ, ಗಾಳಿ ನುಗ್ಗದಿರಲಿ ಎಂದೂ ಅಲ್ಲಿ ಹೇಳಿದೆ.

ಮಾತು ಕೆಡುವುದು ಹೇಗೆಂದು ಒಂದು ಲೆಕ್ಕದಿಂದ ತಿಳಿಯಬಹುದು. 18 ಮೀಟರ್ ಉದ್ದ, 15 ಮೀಟರ್ ಅಗಲ, 7 ಮೀಟರ್ ಎತ್ತರದ ಒಂದು ಸಾದಾ ಹಾಲ್ ಇಟ್ಟುಕೊಳ್ಳಿ. ಗಾರೆ ಬಳಿದ ಗೋಡೆ, ಸಿಮೆಂಟ್ ನೆಲ. ಇದರ ಗಾತ್ರ 1,890 ಘನ ಮೀಟರ್. ಸದ್ದು ನಿಂತ ಮೇಲೂ ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಎಂಬುದನ್ನು ಕಂಡುಹಿಡಿಯಲು ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಬೇಕು. ಇದು ಸೇಬಿನ್ ಸೂತ್ರ. ಇಂಥ ಖಾಲಿ ಹಾಲ್‌ನ ಹೀರುವ ಶಕ್ತಿ ಸುಮಾರು 50 ಎಂದು ಹಿಡಿದರೆ ಗುಂಯ್‌ಗುಡುವ ಅವಧಿ 6 ಸೆಕೆಂಡ್. ಮಾತಿನ ನಾಟಕಕ್ಕೆ ಬೇಕಾದದ್ದು 1 ಸೆಕೆಂಡಿನ ಆಸುಪಾಸು. ಮನುಷ್ಯನ ಮೈ, ಬಟ್ಟೆ ಚೆನ್ನಾಗಿ ಸದ್ದು ಹೀರುತ್ತವೆ. ಒಬ್ಬರಿಗೆ 0.45ರಂತೆ 400 ಜನ ಕೂತರೆ ಅವಧಿ 1.3 ಸೆಕೆಂಡಿಗೆ ಇಳಿಯುತ್ತದೆ. ಆದರೆ ಹೊಸ ತಂಡದ ನಾಟಕಕ್ಕೆ ಬರುವವರು 100 ಮಂದಿ. ಆಗ 3.2 ಸೆಕೆಂಡ್. ಒಂದು ಮಾತಿನ ಬಾಲ ಮುಂದಿನ ನಾಲ್ಕು ಮಾತುಗಳ ಮೇಲೆ ಎಳೆದುಕೊಳ್ಳುತ್ತದೆ. ನಟನಿಗೆ ಉಸಿರಿಲ್ಲ, ಉಚ್ಚಾರಣೆ ಸರಿಯಿಲ್ಲ ಎಂದು ಜನ ಬೈದುಕೊಂಡು ಮನೆಗೆ ಹೋಗುತ್ತಾರೆ. ತಪ್ಪು ಗೋಡೆಯದು.

ಇದಕ್ಕೆ ಮಾಡುವ ಮದ್ದು ದುಬಾರಿಯದಲ್ಲ. ಹಿಂಬದಿಯ ಗೋಡೆಯ 75 ಚದರ ಮೀಟರ್ ಜಾಗಕ್ಕೆ ಮರದ ಚೌಕಟ್ಟು ಕಟ್ಟಿ, ಎರಡು ಇಂಚು ದಪ್ಪ ಗಾಜಿನ ನಾರಿನ ಹಾಸು ತುಂಬಿ, ಮೇಲೆ ಒರಟು ಗೋಣಿ ಬಟ್ಟೆ ಬಿಗಿಯಬೇಕು. ಇದರಿಂದ ಹೀರುವ ಶಕ್ತಿಗೆ ಸುಮಾರು 50 ಸೇರುತ್ತದೆ. 100 ಜನ ಕೂತಾಗಿನ ಅವಧಿ 3.2ರಿಂದ 2.1 ಸೆಕೆಂಡಿಗೆ ಬರುತ್ತದೆ, 400 ಜನ ಕೂತಾಗ 1.1ಕ್ಕೆ. ಹಿಂಬದಿ ಗೋಡೆಯನ್ನೇ ಆರಿಸುವುದಕ್ಕೆ ಇನ್ನೊಂದು ಕಾರಣವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಕೂತವನಿಗೆ ನಟನ ಮಾತು ನೇರವಾಗಿ ಒಮ್ಮೆ, 18 ಮೀಟರ್ ಹಿಂದಿನ ಗೋಡೆಗೆ ಬಡಿದು ಮರಳಿ ಇನ್ನೊಮ್ಮೆ, ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಇದರ ಅರ್ಧದಷ್ಟು ತಡವಾದರೂ ಕಿವಿ ಅದನ್ನು ಬೇರೆ ಸದ್ದು ಎಂದೇ ಎಣಿಸುತ್ತದೆ. ಪಕ್ಕದ ಗೋಡೆಗಳ ಮುಂಭಾಗ ಮತ್ತು ರಂಗದ ಹತ್ತಿರದ ಚಾವಣಿಯನ್ನು ಮಾತ್ರ ಗಟ್ಟಿಯಾಗಿಯೇ ಬಿಡಬೇಕು. ಅಲ್ಲಿಂದ ಬೇಗ ಮರಳುವ ಸದ್ದು ಮಾತಿಗೆ ಬಲ ಕೊಡುತ್ತದೆ. ಇಡೀ ಹಾಲ್‌ಗೆ ಮೆತ್ತೆ ಹೊದಿಸಿದ ಕಡೆ ನಟ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡದ್ದಿದೆ.

ಮಲೆನಾಡಿನಲ್ಲಿ ಮಾತಿಗೆ ಇನ್ನೊಬ್ಬ ಎದುರಾಳಿ ಇದ್ದಾನೆ, ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆಷಾಢದ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ತಗಡಿನ ಶೀಟು ಡೋಲಿನ ಚರ್ಮದ ಹಾಗೆ. ಜೋರು ಮಳೆಯಲ್ಲಿ ಅದರ ಕೆಳಗೆ ಪಕ್ಕದಲ್ಲಿ ಕೂತವರ ಮಾತೇ ಕೇಳದು, ನಟನ ಪಿಸುಮಾತು ಎಲ್ಲಿಂದ ಬರಬೇಕು? ನಮ್ಮ ಹಳೆಯ ಮನೆಗಳು ಇದಕ್ಕೆ ಉತ್ತರ ಕೊಟ್ಟಿವೆ: ಮೇಲೆ ಹೆಂಚು, ಕೆಳಗೆ ಹಲಗೆಯ ಮುಚ್ಚಿಗೆ, ನಡುವೆ ಅಟ್ಟದಷ್ಟು ಗಾಳಿಯ ಜಾಗ. ಭಾರವಾದ ಎರಡು ಪದರ, ನಡುವೆ ಖಾಲಿ ಜಾಗ ಇದ್ದರೆ ಸದ್ದು ಒಳಗಿಳಿಯುವುದು ತುಂಬ ಕಡಿಮೆ. ಶೀಟು ಹಾಕಲೇಬೇಕಾದ ಕಡೆಯೂ ಇದೇ ಉಪಾಯ. ಶೀಟಿನ ಕೆಳಮೈಗೆ ತಾಗಿಕೊಂಡಂತೆ ಒಂದು ಮೆತ್ತನೆಯ ಹಾಸು, ಅದರಿಂದ ಒಂದೂವರೆ ಅಡಿ ಕೆಳಗೆ ಹಲಗೆ. ಬರೀ ತೆಳು ಪಿ.ವಿ.ಸಿ. ಸೀಲಿಂಗ್ ಹೊಡೆದರೆ ಚಂದ ಕಾಣುತ್ತದೆ ಅಷ್ಟೆ, ಮಳೆಯ ಸದ್ದು ಹಾಗೇ ಬರುತ್ತದೆ.

ಕಾಣುವ ವಿಷಯದಲ್ಲಿ ನಡೆಯುವ ತಪ್ಪುಗಳು ಹೆಚ್ಚಾಗಿ ವೇದಿಕೆ ಭಾಷಣಕ್ಕೆಂದು ಯೋಚಿಸಿದ್ದರಿಂದ ಆದವು. ಮುಖ್ಯ ಅತಿಥಿಗಳು ದೂರಕ್ಕೂ ಕಾಣಲೆಂದು ರಂಗವನ್ನು ಐದಡಿ ಎತ್ತರಿಸುತ್ತಾರೆ. ಆಗ ಮೊದಲ ಸಾಲಿನವರಿಗೆ ನಟರ ಪಾದ ಕಾಣುವುದಿಲ್ಲ, ನೆಲದಲ್ಲಿ ಕೂತು ಆಡುವ ದೃಶ್ಯವಂತೂ ಇಲ್ಲವೇ ಇಲ್ಲ. ನಾಟಕಕ್ಕೆ ಎರಡೂವರೆಯಿಂದ ಮೂರೂವರೆ ಅಡಿ ಸರಿ. ಎತ್ತರ ಬೇಕಾದದ್ದು ಕುರ್ಚಿಗಳ ಸಾಲಿಗೆ. ಹಿಂದಿನವನ ಕಣ್ಣು ಮುಂದಿನವನ ನೆತ್ತಿಯ ಮೇಲಿಂದ ಹಾಯಬೇಕಾದರೆ ಅವನ ನೋಟದ ರೇಖೆ ಮುಂದಿನವನ ಕಣ್ಣಿನಿಂದ ಸುಮಾರು 12 ಸೆಂಟಿಮೀಟರ್ ಮೇಲಿರಬೇಕು. ಹಿಂದಿನ ಸಾಲಿನ ಕುರ್ಚಿ ಮುಂದಿನ ಸಾಲಿನ ಎರಡು ಕುರ್ಚಿಗಳ ನಡುವೆ ಬರುವಂತೆ ಸರಿಸಿ ಇಟ್ಟರೆ ಅದರ ಅರ್ಧದಲ್ಲಿ ಸುಧಾರಿಸಬಹುದು.

ರಂಗದ ನೆಲಕ್ಕೆ ಗ್ರಾನೈಟ್ ಅಥವಾ ಹೊಳೆಯುವ ಟೈಲ್ಸ್ ಹಾಕುವುದು ಅತಿ ದೊಡ್ಡ ಅನ್ಯಾಯ. ಬೆಳಕು ಅದರಲ್ಲಿ ಪ್ರತಿಫಲಿಸಿ ಕತ್ತಲೆಯ ದೃಶ್ಯವೇ ಸಾಧ್ಯವಾಗುವುದಿಲ್ಲ. ಬರಿಗಾಲಿನ ಬೆವರಿಗೆ ಜಾರುತ್ತದೆ. ನೆಗೆದು ಇಳಿದರೆ ಮೊಣಕಾಲು ಹಿಡಿಯುತ್ತದೆ. ಸೆಟ್ ನಿಲ್ಲಿಸಲು ಒಂದು ಸ್ಕ್ರೂ ಹೊಡೆಯುವಂತಿಲ್ಲ. ಬೇಕಾದದ್ದು ಮರದ ನೆಲ: ಒಂದೂವರೆ ಅಡಿಗೊಂದರಂತೆ ತೊಲೆ, ಅದರ ಮೇಲೆ ಒಂದು ಇಂಚಿನ ಹಲಗೆ, ಹೊಳಪಿಲ್ಲದ ಕಪ್ಪು ಬಣ್ಣ. ತೊಲೆಯ ಕೆಳಗೆ ಗಾಳಿಯಾಡಲು ಎರಡೂ ಕಡೆ ಜಾಲರಿಯ ಕಂಡಿ ಬಿಡಲೇಬೇಕು. ಆ ಕಂಡಿ ಮುಚ್ಚಿಹೋದ ಕಡೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೊಲೆಗೆ ಗೆದ್ದಲು ಹಿಡಿದು, ಒಂದು ದಿನ ನಟನ ಕಾಲು ಹಲಗೆಯ ಜೊತೆಗೇ ಕೆಳಗೆ ಹೋಗುತ್ತದೆ.

ರಂಗದ ಬಾಯಿ 30ರಿಂದ 36 ಅಡಿ ಅಗಲವಿದ್ದರೆ ಒಳ್ಳೆಯದು, ಆಳ 25ರಿಂದ 30. ಎರಡೂ ಬದಿಗೆ ಆ ಅಗಲದ ಅರ್ಧದಷ್ಟು ಜಾಗ ಸೈಡ್ ವಿಂಗ್‌ಗಳ ಹಿಂದೆ ಖಾಲಿ ಸಿಗಬೇಕು. ಕಟ್ಟುವವರು ಮೊದಲು ಕತ್ತರಿಸುವುದು ಇದನ್ನೇ. ಕಾಣದ ಜಾಗ ದಂಡವೆಂದು ಅವರ ಎಣಿಕೆ. ಆದರೆ ಮುಂದಿನ ದೃಶ್ಯದ ಸಿಂಹಾಸನ ನಿಲ್ಲುವುದು, ಹತ್ತು ಜನರ ಮೇಳ ಉಸಿರು ಹಿಡಿದು ಕಾಯುವುದು ಅಲ್ಲಿ. ಪರದೆಯನ್ನು ನೇರ ಮೇಲೆತ್ತಲು ಬಾಯಿಯ ಎತ್ತರದ ಎರಡೂವರೆ ಪಟ್ಟು ಗೋಪುರ ಬೇಕು. ನಮ್ಮ ಕಡೆ ಅದು ಎಲ್ಲೂ ಇಲ್ಲವೆಂದೇ ಹೇಳಬಹುದು. ವೃತ್ತಿ ಕಂಪನಿಗಳು ಈ ತೊಡಕನ್ನು ಹಿಂದೆಯೇ ಬಿಡಿಸಿದ್ದವು. ಮಾರಿಕಾಂಬಾ ಜಾತ್ರೆಗೆ ಬಂದು ತಗಡಿನ ಥಿಯೇಟರ್ ಹಾಕುತ್ತಿದ್ದವರು ಬೀದಿಯ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆಗಳ ಕೆಳತುದಿಗೆ ಗಳು ಕಟ್ಟಿ, ರಾಟೆ ಹಗ್ಗದಿಂದ ಚಾಪೆ ಸುತ್ತಿದಂತೆ ಸುತ್ತಿ ಎತ್ತುತ್ತಿದ್ದರು. ಎತ್ತರ ಇಲ್ಲದ ರಂಗಮಂದಿರದಲ್ಲಿ ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೆಳಕಿನ ಬಾರ್ ಎಲ್ಲಿರಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ. ನಟನ ಮುಖದಿಂದ ಎಷ್ಟು ಮೇಲೋ ಅಷ್ಟೇ ಮುಂದೆ. ಮುಖದಿಂದ ಐದು ಮೀಟರ್ ಮೇಲಿದ್ದರೆ ಐದು ಮೀಟರ್ ಮುಂದೆ, ಅಂದರೆ ಪ್ರೇಕ್ಷಕರ ತಲೆಯ ಮೇಲೆ. ಅಲ್ಲಿ ಪೈಪ್ ಕಟ್ಟಲು ಚಾವಣಿಯಲ್ಲಿ ಕೊಕ್ಕೆಯನ್ನೇ ಬಿಡದಿದ್ದರೆ ಲೈಟುಗಳು ಬಾಲ್ಕನಿಯ ಅಂಚಿಗೆ ಹೋಗುತ್ತವೆ. ಬೆಳಕು ತಗ್ಗಿನಿಂದ ನೇರ ಮುಖಕ್ಕೆ ಹೊಡೆದು ಪ್ರತಿ ನಟನ ಹಿಂದೆಯೂ ಸೈಕ್ಲೋರಮಾದ, ಅಂದರೆ ರಂಗದ ಹಿಂಬದಿಯ ದೊಡ್ಡ ಪರದೆಯ ಮೇಲೆ ಒಂದೊಂದು ಕಪ್ಪು ಭೂತ ನಿಲ್ಲುತ್ತದೆ.

ಕರೆಂಟಿನದು ಇನ್ನೂ ನಾಜೂಕು. ಒಂದು ಸಾವಿರ ವ್ಯಾಟ್‌ನ ಪಾರ್ ಲೈಟಿಗೆ 230 ವೋಲ್ಟ್‌ನಲ್ಲಿ 4.3 ಆಂಪಿಯರ್ ಬೇಕು. 36 ಲೈಟಿಗೆ 36 ಕಿಲೋವ್ಯಾಟ್, ಮೂರು ಫೇಸಿಗೆ ಹಂಚಿದರೆ ಒಂದೊಂದಕ್ಕೆ 52 ಆಂಪಿಯರ್. ಮನೆಯ ಮೀಟರಿನಂಥ ಸಂಪರ್ಕ ಕೊಟ್ಟ ರಂಗಮಂದಿರಗಳಲ್ಲಿ ಕೊನೆಯ ದೃಶ್ಯಕ್ಕೆ ಫ್ಯೂಸ್ ಹೋಗುವುದು ಇದಕ್ಕೆ. ಫ್ಯೂಸ್‌ಗಿಂತ ಅಪಾಯದ್ದು ಸಡಿಲವಾದ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ. ಅದು ಬಿಟ್ಟರೆ ಕಡಿಮೆ ಹೊರೆಯ ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರ ಜಿಗಿದು ಸೌಂಡ್ ಬೋರ್ಡ್, ಬೆಳಕು ಏರಿಳಿಸುವ ಡಿಮ್ಮರ್ ಒಟ್ಟಿಗೇ ಸುಟ್ಟುಹೋಗುತ್ತವೆ. ಆದ್ದರಿಂದ ಆಟದ ದಿನ ಬೆಳಿಗ್ಗೆ ಮೊದಲು ಬಿಗಿ ನೋಡಬೇಕಾದದ್ದು ನ್ಯೂಟ್ರಲ್ ಲಿಂಕ್. ಡಿಮ್ಮರಿನ ಫೇಸಿನಿಂದಲೇ ಸೌಂಡಿಗೂ ಕರೆಂಟ್ ಕೊಟ್ಟರೆ ಬೆಳಕು ಏರಿಳಿದಂತೆಲ್ಲ ಸ್ಪೀಕರಿನಲ್ಲಿ ಜೀರುಂಡೆ ಕೂಗುತ್ತದೆ. ಈಚೆಗೆ ಎಲ್.ಇ.ಡಿ. ಬಂದು ಹೊರೆ ಬಹಳ ಇಳಿದಿದೆ.

ಬೆಂಕಿಯ ಮಾತನ್ನು ಬಿಡುವಂತಿಲ್ಲ. ಪ್ರಾಗ್‌ನ ಕಟ್ಟಡ ಸುಟ್ಟ ವರ್ಷವೇ, 1881ರ ಡಿಸೆಂಬರ್ 8ರಂದು, ವಿಯೆನ್ನಾದ ರಿಂಗ್ ಥಿಯೇಟರಿಗೆ ಬೆಂಕಿ ಬಿದ್ದು ನೂರಾರು ಜನ ಸತ್ತರು. ಬಾಗಿಲುಗಳು ಒಳಮುಖವಾಗಿ ತೆರೆಯುತ್ತಿದ್ದವು. ನೂಕುವ ಜನರ ಒತ್ತಡದಲ್ಲಿ ಅವು ತೆರೆಯಲೇ ಇಲ್ಲ. ಟಿಕೆಟ್ ಇಲ್ಲದವರು ನುಗ್ಗಬಾರದೆಂದು ಪಕ್ಕದ ಬಾಗಿಲಿಗೆ ಬೀಗ ಜಡಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಬಾಗಿಲು ಹೊರಮುಖವಾಗಿ ತೆರೆಯಬೇಕು, ಆಟ ಮುಗಿಯುವವರೆಗೆ ಚಿಲಕ ತೆಗೆದಿರಬೇಕು, ಅಲ್ಲೊಬ್ಬರು ನಿಂತಿರಬೇಕು.

ಇಷ್ಟೆಲ್ಲ ಸರಿಯಿರುವ ರಂಗಮಂದಿರ ಸಿಗುವುದು ಅಪರೂಪ ಎಂದು ಒಪ್ಪಿಕೊಂಡೇ ತಿರುಗಾಟದಂಥ ಯೋಜನೆ ನಡೆಯುತ್ತದೆ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು, ಮಳೆ ತಗ್ಗಿದ ಮೇಲೆ ಸೆಟ್, ಬಟ್ಟೆ, ಲೈಟು ಸಮೇತ ರಾಜ್ಯದ ಊರೂರಿಗೆ ಪ್ರಯಾಣ. ಒಂದು ಊರಿನಲ್ಲಿ 36 ಅಡಿಯ ರಂಗ, ಮರುದಿನ ಶಾಲೆಯ 20 ಅಡಿಯ ಜಗಲಿ. ಹಾಗಾಗಿ ತಿರುಗುವ ನಾಟಕದ ಸೆಟ್ ಮಡಚಿ ಲಾರಿಗೆ ಹಾಕುವಂತಿರಬೇಕು, ಒಂದು ತುಂಡು ಬಿಟ್ಟರೂ ಅರ್ಥ ಕೆಡದಂತಿರಬೇಕು, ಇಬ್ಬರು ಹೊರುವಷ್ಟೇ ತೂಕವಿರಬೇಕು. ಬೆಳಿಗ್ಗೆ ಇಳಿಸಿ, ಮಧ್ಯಾಹ್ನದೊಳಗೆ ಕಟ್ಟಿ, ಊಟದ ಮೇಲೆ ಲೈಟು ಹೊಂದಿಸಿ, ಸಂಜೆ ಆಡಿ, ರಾತ್ರಿಯೇ ಬಿಚ್ಚಬೇಕು. ಪ್ರಾಗ್‌ನ ಜನ ತಮ್ಮ ಬೆಟ್ಟದ ಕಲ್ಲುಗಳನ್ನು ರಾಜಧಾನಿಗೆ ತಂದರು. ಇಲ್ಲಿ ಹಳ್ಳಿಯ ರಂಗಮಂದಿರವೇ ಲಾರಿ ಹತ್ತಿ ನಾಡಿನ ಕಡೆ ಹೋಗುತ್ತದೆ. ಕನ್ನಡಕ್ಕೆ ರಾಷ್ಟ್ರೀಯ ರಂಗಮಂದಿರ ಎನ್ನುವಂಥದ್ದು ಒಂದಿದ್ದರೆ ಅದು ಈ ಬಗೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಊರಿನಲ್ಲಿ ಆಟ ಇಟ್ಟುಕೊಳ್ಳುವವರು ದಿನ ಗೊತ್ತುಮಾಡುವಾಗ ಅಡಿಕೆಯ ಕೊನೆಕೊಯ್ಲನ್ನು ನೋಡಬೇಕು. ರಾತ್ರಿ ಅಡಿಕೆ ಸುಲಿಯುವ ವಾರಗಳಲ್ಲಿ ಎಂಥ ನಾಟಕಕ್ಕೂ ಅರ್ಧ ಮನೆಯವರು ಬರಲಾರರು. ಕೊನೇ ಬಸ್ಸಿನ ಹೊತ್ತನ್ನೂ ಕೇಳಿಕೊಳ್ಳಬೇಕು. ಅದು ಒಂಬತ್ತಕ್ಕಿದ್ದರೆ ಎರಡು ಗಂಟೆಯ ನಾಟಕ ಆರೂವರೆಗೆ ಶುರುವಾಗಲೇಬೇಕು, ಸ್ವಾಗತ ಭಾಷಣಕ್ಕೆ ಐದು ನಿಮಿಷ ಮೀರಬಾರದು.

ಕಟ್ಟಡ ನೋಡಿಕೊಳ್ಳುವವರಿಗೆ ಹೆಚ್ಚು ಕೆಲಸ ಗಣೇಶನ ಹಬ್ಬದ ಆಚೆಗೆ. ಮೂರು ತಿಂಗಳ ಥಂಡಿಯಲ್ಲಿ ಕಪ್ಪು ಪರದೆಗಳಿಗೆ ಬಿಳಿ ಬೂಷ್ಟು ಬಂದಿರುತ್ತದೆ. ಅದನ್ನು ಒಳಗೇ ಕೊಡವಿದರೆ ಬೂಷ್ಟಿನ ಪುಡಿ ಕುರ್ಚಿಗಳಿಗೆಲ್ಲ ಹರಡುತ್ತದೆ, ನಟರಿಗೆ ಕೆಮ್ಮು ಹಿಡಿಯುತ್ತದೆ. ಇಳಿಸಿ, ಹೊರಗೆ ಹಗ್ಗಕ್ಕೆ ಹಾಕಿ, ಎರಡು ಬಿಸಿಲು ಪೂರ್ತಿ ಒಣಗಿಸಿ, ಆಮೇಲೆ ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ರಂಗದ ಕೆಳಗಿನ ಕಂಡಿಗಳ ಕಸ ತೆಗೆದು, ಟಾರ್ಚ್ ಬಿಟ್ಟು ತೊಲೆಗಳ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಏರಿದೆಯೇ ನೋಡಬೇಕು. ರಾಟೆಗಳಿಗೆ ಎಣ್ಣೆ ಬಿಟ್ಟು, ಹಗ್ಗವನ್ನು ಕೈಯಿಂದ ಕೈಗೆ ಪೂರ್ತಿ ಹಾಯಿಸಿ, ಎಳೆ ಬಿಚ್ಚಿದ ಕಡೆ ಕತ್ತರಿಸಿ ಹಾಕಿ ಹೊಸದು ಏರಿಸಬೇಕು. ಅಷ್ಟಾದ ಮೇಲೆ ಒಬ್ಬರು ರಂಗದ ನಡುವೆ ನಿಂತು ಸಹಜ ದನಿಯಲ್ಲಿ ಮಾತಾಡಿ, ಇನ್ನೊಬ್ಬರು ಕೊನೇ ಸಾಲಿನ ಎರಡು ಮೂಲೆಗಳಲ್ಲೂ ಕೂತು ಕೇಳಿಸಿಕೊಂಡು, ಮೊದಲ ತಂಡಕ್ಕೆ ಬೀಗದ ಕೈ ಕೊಡಬೇಕು.